ಯಾರೂ ನೋಡಿಕೊಳ್ಳದ ಕಾಲ

ಅಕ್ಕಜ್ಜಿ ಕಣ್ಣಿನ ಪೊರೆ ತೆಗೆಸಿಕೊಂಡು ತಮ್ಮನ ಮನೆಗೆ ಬಂದ ಮೊದಲ ಸಂಜೆಯೇ, ಊಟದ ಮೇಜಿನ ಮೇಲೆ ಕಾಲುವೆಯ ಜಗಳ ಶುರುವಾಯಿತು.

ಅವಳಿಗೆ ಆ ಹೆಸರಿಟ್ಟದ್ದು ತಮ್ಮನ ಮೊಮ್ಮಗಳು. ತಾತ ಅವಳನ್ನು ಅಕ್ಕ ಅನ್ನುತ್ತಾನೆ, ತನಗೆ ಅವಳು ಅಜ್ಜಿಯಾಗಬೇಕು. ಎರಡನ್ನೂ ಕೂಡಿಸಿ ಹುಡುಗಿ ಅಕ್ಕಜ್ಜಿ ಮಾಡಿಬಿಟ್ಟಿದ್ದಳು. ಹುಡುಗಿಯನ್ನೂ ಮನೆಯಲ್ಲಿ ಯಾರೂ ನಿಜವಾದ ಹೆಸರು ಹಿಡಿದು ಕೂಗುತ್ತಿರಲಿಲ್ಲ. ನಿಂತಲ್ಲಿ ನಿಲ್ಲುವವಳಲ್ಲ, ಕೂತು ಉಣ್ಣುವಾಗಲೂ ಮೇಜಿನ ಕೆಳಗೆ ಕಾಲು ತಿರುಗಿಸುತ್ತಲೇ ಇರುವವಳು. ಅದಕ್ಕೇ ಬುಗುರಿ.

ಅಕ್ಕಜ್ಜಿ ಇದ್ದದ್ದು ಅರ್ಧ ದಿನದ ಬಸ್ಸಿನ ದಾರಿಯಷ್ಟು ದೂರದ ಊರಿನಲ್ಲಿ. ಒಂದು ಕೋಣೆ, ಒಂದು ಹೊಲಿಗೆ ಮೆಷಿನ್ನು. ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದು ಬದುಕು ತಳ್ಳಿದವಳು. ಮದುವೆಯ ಮಾತು ಒಂದೆರಡು ಸಲ ಬಾಗಿಲವರೆಗೆ ಬಂದು, ಒಳಗೆ ಬಾರದೆ ಹೊರಟುಹೋಗಿತ್ತು. ಸೂಜಿಗೆ ದಾರ ಪೋಣಿಸಿಕೊಡಿ ಎಂದು ಬೀದಿಯಲ್ಲಿ ಹೋಗುವವರನ್ನು ಕರೆಯುವ ಹಾಗಾದಾಗ, ಡಾಕ್ಟರು ಪೊರೆ ತೆಗೆಯಲೇಬೇಕು ಎಂದರು. ತೆಗೆದ ಮೇಲೆ ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ನಿಲ್ಲಬಾರದು, ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಿಸಿಕೊಳ್ಳಬೇಕು. ಒಬ್ಬಂಟಿಗೆ ಇದು ಆಗುವ ಮಾತಲ್ಲ. ತಮ್ಮ ತಾನೇ ಹೋಗಿ ಕರೆತಂದ.

ತಮ್ಮ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮೆಷಿನ್ನಿನ ಮೇಲಿದ್ದ. ಸೊಸೆ ದೊಡ್ಡಾಸ್ಪತ್ರೆಯಲ್ಲಿ, ಅಪಘಾತವಾದವರನ್ನು ಮೊದಲು ತಂದು ಮಲಗಿಸುವ ವಾರ್ಡಿನಲ್ಲಿ ನರ್ಸು. ಇಬ್ಬರದೂ ಪಾಳಿಯ ಕೆಲಸ. ಹಾಗಾಗಿ ಬುಗುರಿಯನ್ನು ಶಾಲೆಗೆ ಬಿಡುವುದು, ಕರೆತರುವುದು, ಹಾಲು ಬ್ರೆಡ್ಡು ಕೊಡುವುದು ಎಲ್ಲ ತಾತನ ಪಾಲಿಗೆ ಬಂದಿತ್ತು.

"ನಿನ್ನ ವಯಸ್ಸಿಗೆ ನಾವು ಸೇತುವೆ ಮೇಲಿಂದ ಕಾಲುವೆಗೆ ಹಾರ್ತಿದ್ವಿ," ಎಂದ ತಮ್ಮ, ಅನ್ನ ಕಲಸುತ್ತಾ. "ತಲೆ ಕೆಳಗೆ, ಕಾಲು ಮೇಲೆ. ಮಳೆ ಬಂದು ನೀರು ಕೆಂಪಾಗಿದ್ರೂ ಬಿಡ್ತಿರ್ಲಿಲ್ಲ."

"ಯಾರ ಜೊತೆ ತಾತಾ?"

"ಯಾರ ಜೊತೆ ಅಂದ್ರೆ? ನಾವೇ. ನಾನು, ನನ್ನ ತಮ್ಮಂದ್ರು, ಬೀದಿ ಹುಡುಗ್ರು."

"ದೊಡ್ಡೋರು?"

"ದೊಡ್ಡೋರಿಗೇನು ಕೆಲ್ಸ ಅಲ್ಲಿ! ಬೆಳಿಗ್ಗೆ ಮನೆ ಬಿಟ್ರೆ ಹೊಟ್ಟೆ ಚುರುಗುಟ್ಟಿದಾಗ್ಲೇ ಮನೆ ನೆನಪಾಗ್ತಿದ್ದದ್ದು. ಎಲ್ಲಿದ್ದೆ, ಏನ್ ಮಾಡ್ತಿದ್ದೆ ಅಂತ ಕೇಳೋ ನರಪಿಳ್ಳೆ ಇರ್ಲಿಲ್ಲ."

ಬುಗುರಿಯ ಬಾಯಿ ತೆರೆದೇ ಇತ್ತು, ತುತ್ತು ಕೈಯಲ್ಲೇ ಉಳಿದಿತ್ತು. ಸೊಸೆ ಬೇಳೆಯ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು.

"ಮಾವ, ಅವಳ ಮುಂದೆ ಇದನ್ನೆಲ್ಲ ಹೇಳ್ಬೇಡಿ."

"ನಡೆದದ್ದು ಹೇಳ್ತಿದ್ದೀನಮ್ಮ. ಕಟ್ಟುಕತೆ ಅಲ್ಲ."

"ನಡೆದದ್ದೇ ಇರ್ಬಹುದು. ನಿಮಗೇನೂ ಆಗ್ಲಿಲ್ಲ, ಅದಕ್ಕೇ ಅದು ಕತೆಯಾಯ್ತು. ಆದೋರು ನಮ್ಮ ವಾರ್ಡಿಗೆ ಬರ್ತಾರೆ. ಅವರ್ಯಾರೂ ಕತೆ ಹೇಳಲ್ಲ."

"ಪಲ್ಯ ಇನ್ನೂ ಇದ್ಯಾ?" ಎಂದ ಮಗ. ಅಪ್ಪ ಮತ್ತು ಹೆಂಡತಿಯ ನಡುವೆ ಮಾತು ಬಿಸಿಯಾದಾಗಲೆಲ್ಲ ಅವನಿಗೆ ಪಲ್ಯ ಬೇಕಾಗುತ್ತಿತ್ತು.

ಅಕ್ಕಜ್ಜಿಯ ಒಂದು ಕಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ. ಇನ್ನೊಂದರಲ್ಲಿ ತಟ್ಟೆಯನ್ನು ಹುಡುಕಿ ಹುಡುಕಿ ಉಣ್ಣುತ್ತಿದ್ದವಳು, "ನಿನಗೇನೂ ಆಗ್ಲಿಲ್ಲ ಅಂತೇನಿಲ್ಲ. ಮೊಣಕಾಲು ಸೀಳಿಕೊಂಡಿದ್ದೆ," ಎಂದಳು.

"ಅದಾ? ಯಾವುದೋ ಸೊಪ್ಪು ಅರೆದು ಕಟ್ಟಿದ್ರು, ವಾಸಿಯಾಯ್ತು."

"ಸೊಪ್ಪಲ್ಲ ಕಣೋ, ಹೊಲಿಗೆ. ಕಾಂಪೌಂಡರ್ ಹಾಕಿದ್ದು."

"ಹೌದಾ? ಅಷ್ಟು ದೂರ ಯಾರು ಕರ್ಕೊಂಡು ಹೋಗಿದ್ರೋ."

"ಯಾರೋ," ಎಂದು ಅಕ್ಕಜ್ಜಿ ನೀರಿನ ಲೋಟಕ್ಕೆ ಕೈಚಾಚಿದಳು. ಬುಗುರಿ ಅದನ್ನು ಅವಳ ಕೈಗೆ ಸೇರಿಸಿದಳು.

ಬುಗುರಿಯ ಕೋಣೆಯಲ್ಲೇ ಅಕ್ಕಜ್ಜಿಗೆ ಇನ್ನೊಂದು ಮಂಚ ಹಾಕಿದ್ದರು. ಕೆಲಸವಿಲ್ಲದೆ ಕೂರುವುದು ಅವಳಿಗೆ ಹೊಸದು. ಬೇಳೆ ಆರಿಸಲು ಹೋದರೆ ಸೊಸೆ ಮೊರ ಕಿತ್ತುಕೊಳ್ಳುತ್ತಿದ್ದಳು; ಬಟ್ಟೆ ಮಡಿಸಲು ಹೋದರೆ ತಮ್ಮ ಗದರುತ್ತಿದ್ದ. ಹುಡುಗಿ ಶಾಲೆಯಿಂದ ಬರುವ ಹೊತ್ತನ್ನೇ ಕಾಯುವ ಹಾಗಾಯಿತು.

ಒಂದು ಸಂಜೆ ಬುಗುರಿ ನೆಲದ ಮೇಲೆ ಹಾಳೆ ಹರಡಿಕೊಂಡು ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ನದಿಗೆ ನೀಲಿ, ಬೆಟ್ಟಕ್ಕೆ ಕಂದು.

"ಅಕ್ಕಜ್ಜಿ, ನೀನು ಯಾವ ಕ್ಲಾಸಿನವರೆಗೆ ಓದಿದ್ದೀಯ?"

ಉತ್ತರ ಕೊಟ್ಟವನು ಪೇಪರು ಓದುತ್ತಿದ್ದ ತಮ್ಮ. "ಅಕ್ಕನಿಗೆ ಓದು ತಲೆಗೆ ಹತ್ಲಿಲ್ಲ ಪುಟ್ಟಾ. ಬೇಗ ಬಿಟ್ಟುಬಿಟ್ಲು. ಆದ್ರೆ ಕೈ ನೋಡು, ಬಂಗಾರದ ಕೈ! ಅವಳು ಹೊಲಿದ ಚಡ್ಡಿ ಹರೀತಾನೇ ಇರ್ಲಿಲ್ಲ."

ಅವನ ದನಿಯಲ್ಲಿ ಕುಹಕ ಇರಲಿಲ್ಲ, ಪ್ರೀತಿಯಿಂದಲೇ ಹೇಳಿದ್ದ. ಅಕ್ಕಜ್ಜಿ ಹಾಳೆಯನ್ನು ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದು, "ಈ ನದಿ ಸಮುದ್ರಕ್ಕೆ ಸೇರ್ಲೇ ಇಲ್ವಲ್ಲ, ಮಧ್ಯದಲ್ಲೇ ನಿಲ್ಲಿಸಿಬಿಟ್ಟಿದ್ದೀಯ," ಎಂದಳು. ಬುಗುರಿ ನಾಲಿಗೆ ಕಚ್ಚಿಕೊಂಡು ನದಿಯನ್ನು ಎಳೆದಳು.

ಬುಗುರಿಯ ಕೈಯಲ್ಲಿ ಒಂದು ವಾಚು ಇತ್ತು. ಟೈಮು ತೋರಿಸುವುದು ಅದರ ಉಪಕಸುಬು. ನಿಜವಾದ ಕಸುಬು, ಹುಡುಗಿ ಎಲ್ಲಿದ್ದಾಳೆಂದು ಅಮ್ಮನ ಮೊಬೈಲಿಗೆ ಹೇಳುವುದು. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ನಡುವೆಯೂ ಸೊಸೆ ಮೊಬೈಲು ತೆಗೆದು ನೋಡುತ್ತಿದ್ದಳಂತೆ. ಹಸಿರು ಚುಕ್ಕೆ ಶಾಲೆಯ ಮೇಲಿದೆ, ಸರಿ. ಹಸಿರು ಚುಕ್ಕೆ ಮನೆಯ ಮೇಲಿದೆ, ಸರಿ. ತಾತ ಮಾತ್ರ ಅದನ್ನು ಕೈಬೇಡಿ ಎಂದು ಕರೆಯುತ್ತಿದ್ದ.

ಹುಡುಗಿಗೆ ಸೈಕಲ್ಲೂ ಇತ್ತು. ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಕಂಬಗಳನ್ನು ಸುತ್ತುವುದಷ್ಟೇ ಅದರ ಭಾಗ್ಯ. ಅವಳ ಗೆಳತಿಯ ಮನೆ ದೊಡ್ಡ ರಸ್ತೆಯ ಆಚೆ, ಹಿಟ್ಟಿನ ಗಿರಣಿಯ ಹಿಂದಿತ್ತು. ಅಲ್ಲಿ ನಾಯಿ ಮರಿ ಹಾಕಿತ್ತು. ಶಾಲೆಯಲ್ಲಿ ಎಲ್ಲರೂ ನೋಡಿ ಬಂದಿದ್ದರು. ಬುಗುರಿ ಮಾತ್ರ ಭಾನುವಾರ ಅಪ್ಪನಿಗೆ ಪುರುಸೊತ್ತಾಗುವುದನ್ನು ಕಾಯುತ್ತಿದ್ದಳು. ಅಪ್ಪನ ಭಾನುವಾರಗಳು ಪ್ರೆಸ್ಸಿನಲ್ಲೇ ಕಳೆಯುತ್ತಿದ್ದವು.

ಒಂದು ಮಧ್ಯಾಹ್ನ ಅಕ್ಕಜ್ಜಿ ಮಲಗಿದ್ದಾಗ ತಮ್ಮ ಸದ್ದಿಲ್ಲದೆ ಕೋಣೆಗೆ ಬಂದು, ಬುಗುರಿಯ ವಾಚು ಬಿಚ್ಚಿ, ದಿಂಬಿನ ಕೆಳಗಿಟ್ಟ.

"ಹಾಲು ಕುಡಿದು ಹೊರಡು. ರಸ್ತೆ ದಾಟೋವಾಗ ಸೈಕಲ್ ಇಳಿದು ತಳ್ಕೊಂಡು ಹೋಗು. ಕತ್ತಲಾಗೋ ಮುಂಚೆ ಬಾ."

ಹುಡುಗಿ ಬಾಣದ ಹಾಗೆ ಹೋದಳು.

"ಲೋ, ಅವಳಮ್ಮನಿಗೆ ಹೇಳಿದ್ದೀಯಾ?" ಎಂದಳು ಅಕ್ಕಜ್ಜಿ.

ತಮ್ಮ ಬೆಚ್ಚಿದ. "ಎದ್ದಿದ್ದೀಯಾ? ಹೇಳಿದ್ರೆ ಬಿಡ್ತಾಳೇನು? ಸ್ವಲ್ಪ ಹೊರಗಿನ ಗಾಳಿ ಕುಡೀಲಿ ಬಿಡಕ್ಕ. ಹೂವಿನ ಕುಂಡದ ಹಾಗೆ ಎತ್ತಿ ಎತ್ತಿ ಇಡ್ತಾರೆ. ನಾವೆಲ್ಲ ಹೇಗೆ ಬೆಳೆದ್ವಿ?"

ಅವನು ಹೋಗಿ ಸೋಫಾದ ಮೇಲೆ ಕಾಲು ಚಾಚಿದ. ಪೇಪರು ಮುಖದ ಮೇಲೆ ಬಿತ್ತು, ಗೊರಕೆ ಶುರುವಾಯಿತು. ಅಕ್ಕಜ್ಜಿ ಎದ್ದು ಬಾಲ್ಕನಿಗೆ ಬಂದಳು. ಒಂದೇ ಕಣ್ಣಿಗೆ ರಸ್ತೆ ಮಬ್ಬಾಗಿತ್ತು. ಹಳದಿ ಅಂಗಿಯೊಂದು ಸೈಕಲ್ ತಳ್ಳಿಕೊಂಡು ರಸ್ತೆ ದಾಟಿ, ಗಿರಣಿಯ ಮೂಲೆಯಲ್ಲಿ ಮರೆಯಾದದ್ದು ಕಂಡಿತು. ಒಳಗೆ ಹೋಗಿ ಕೂರಬಹುದಿತ್ತು. ಕೂರಲು ಕಾಲು ಒಪ್ಪಲಿಲ್ಲ. ಹಳದಿ ಅಂಗಿ ಮತ್ತೆ ಮೂಲೆಯಲ್ಲಿ ಮೂಡುವವರೆಗೆ ಕಂಬಿ ಹಿಡಿದು ನಿಂತೇ ಇದ್ದಳು. ಬುಗುರಿ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದ ಮೇಲೆ ಹೋಗಿ, ನಿದ್ದೆಯಿಂದ ಎದ್ದವಳ ಹಾಗೆ ಮಂಚದ ಮೇಲೆ ಕೂತಳು.

ಆಮೇಲೆ ಇದು ವಾರದಲ್ಲಿ ಎರಡು ಮೂರು ಸಲ ನಡೆಯತೊಡಗಿತು. ತಾತ ಮೊಮ್ಮಗಳಿಬ್ಬರೂ ಕಳ್ಳರ ಹಾಗೆ ಕಣ್ಣು ಮಿಟುಕಿಸಿಕೊಳ್ಳುತ್ತಿದ್ದರು. ಹುಡುಗಿಯ ಮುಖಕ್ಕೊಂದು ಕಳೆ ಬಂದಿತ್ತು, ಅದು ಸುಳ್ಳಲ್ಲ. ನಾಯಿಮರಿಗಳ ಕಣ್ಣು ತೆರೆದದ್ದು, ಕುಂಟು ಮರಿಗೆ ತಾನೇ ಹಾಲು ಕುಡಿಸಿದ್ದು, ಎಲ್ಲವನ್ನೂ ಅಕ್ಕಜ್ಜಿಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು.

ಬಯಲಾದದ್ದು ಸೊಸೆಯ ಜೊತೆ ಕೆಲಸ ಮಾಡುವ ಇನ್ನೊಬ್ಬ ನರ್ಸಿನಿಂದ. ಬಸ್ಸಿನ ಕಿಟಕಿಯಿಂದ ನೋಡಿದ್ದಳಂತೆ, "ನಿನ್ನ ಮಗಳು ಒಬ್ಬಳೇ ದೊಡ್ಡ ರಸ್ತೆ ದಾಟ್ತಿದ್ಲಲ್ಲೇ" ಅಂದಳಂತೆ. ಸೊಸೆ ಮೊಬೈಲು ತೆಗೆದರೆ ಹಸಿರು ಚುಕ್ಕೆ ಮನೆಯ ಮೇಲೆ ಜಗ್ಗದೆ ಕೂತಿತ್ತು.

ಆ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಮಾವ, ವಾಚು ಎಲ್ಲಿಡ್ತೀರಿ? ದಿಂಬಿನ ಕೆಳಗಾ, ಅಕ್ಕಿ ಡಬ್ಬದಲ್ಲಾ?"

ತಮ್ಮ ಆಲೂಗಡ್ಡೆ ಸುಲಿಯುತ್ತಿದ್ದ. ಕೈ ನಿಂತಿತು. "ದಿಂಬಿನ ಕೆಳಗೆ," ಎಂದ.

"ನನ್ನ ಮಗಳಿಗೆ ಸುಳ್ಳು ಕಲಿಸಿದ್ರಲ್ಲ ಮಾವ."

"ಸುಳ್ಳಲ್ಲಮ್ಮ, ಧೈರ್ಯ ಕಲಿಸ್ದೆ. ಒಂದು ರಸ್ತೆ ದಾಟೋದು ಕಲಿಸ್ದೆ."

"ನಾನು ದಿನಾ ಏನು ನೋಡ್ತೀನಿ ಗೊತ್ತಾ ನಿಮಗೆ? ಒಂದು ರಸ್ತೆ ದಾಟೋಕೆ ಹೋದೋರನ್ನೇ ನೋಡ್ತೀನಿ!"

"ನೀನು ಬಿದ್ದೋರನ್ನ ಮಾತ್ರ ನೋಡ್ತೀಯ. ದಾಟಿದೋರು ನಿನ್ನ ಹತ್ರ ಯಾಕೆ ಬರ್ತಾರೆ? ನಮ್ಮನ್ನ ಯಾರಮ್ಮ ನೋಡ್ಕೊಂಡ್ರು? ಯಾರೂ ನೋಡ್ಕೊಳ್ಲಿಲ್ಲ. ಬೆಳೀಲಿಲ್ವಾ? ಮನುಷ್ಯರಾಗ್ಲಿಲ್ವಾ? ಬೇಕಾದ್ರೆ ಅಕ್ಕನ್ನೇ ಕೇಳು. ಹೇಳಕ್ಕ, ನಮ್ಮ ಹಿಂದೆ ಯಾರಾದ್ರೂ ಬರ್ತಿದ್ರಾ?"

ಎಲ್ಲರೂ ಅಕ್ಕಜ್ಜಿಯತ್ತ ತಿರುಗಿದರು. ಬಾಗಿಲ ಬಳಿ ಬುಗುರಿ ಉಗುರು ಕಚ್ಚುತ್ತಾ ನಿಂತಿದ್ದಳು. ಅಕ್ಕಜ್ಜಿ ಮೇಜಿನ ಮೇಲಿನ ಸಿಪ್ಪೆಯನ್ನು ಒಟ್ಟುಮಾಡಿದಳು.

"ನನ್ನ ಯಾಕೆ ಕೇಳ್ತೀಯ? ನೀನು ಹೇಳೋ ಕತೇಲಿ ನಾನಿಲ್ವಲ್ಲ," ಎಂದು ಎದ್ದು ಕೋಣೆಗೆ ಹೋದಳು. ಆ ದಿನ ಊಟಕ್ಕೆ ಏಳಲಿಲ್ಲ.

"ಇವಳಿಗೇನಾಯ್ತು ಈಗ?" ಎನ್ನುತ್ತಿದ್ದ ತಮ್ಮನ ದನಿ ಗೋಡೆಯಾಚೆಯಿಂದ ಕೇಳಿಸಿತು. "ನಾನೇನಂದೆ ಅಂಥಾದ್ದು?"

ಬೆಳಿಗ್ಗೆ ಹನಿ ಹಾಕಲು ಸೊಸೆ ಬಂದಳು. ಅಕ್ಕಜ್ಜಿ ಅಂಗಾತ ಮಲಗಿದಳು. ಸೊಸೆ ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ, ಕೈ ನಡುಗದೆ, ಒಂದೇ ಒಂದು ಹನಿ ಬಿಟ್ಟಳು.

"ನಿನ್ನೆ ಯಾಕೆ ಎದ್ದು ಹೋದ್ರಿ ಅತ್ತೆ? ನನ್ನ ಮೇಲೆ ಬೇಜಾರಾ?"

"ನಿನ್ನ ಮೇಲೆ ಯಾಕಮ್ಮ." ಅಕ್ಕಜ್ಜಿ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. "ಅಮ್ಮ ಮಿಲ್ಲಿಗೆ ಹೋಗ್ತಿದ್ಲು. ಕೊನೇ ತಮ್ಮ ಹುಟ್ಟಿದ ಮೇಲೆ ಮನೇಲಿ ಯಾರಾದ್ರೂ ಇರ್ಬೇಕಿತ್ತು. ನಾನಿದ್ದೆ. ಇವ್ರು ಸೇತುವೆ ಹತ್ತಿದ್ರೆ ನಾನು ಕೆಳಗೆ ಕಲ್ಲಿನ ಹತ್ರ ಬಟ್ಟೆ ಒಗೀತಿದ್ದೆ. ಒಗೆಯೋದು ಮುಗಿದಿದ್ರೂ ಒಗೀತಾನೇ ಇರ್ತಿದ್ದೆ. ಒಬ್ಬೊಬ್ಬ ನೀರಿಗೆ ಬಿದ್ದಾಗ್ಲೂ ಅವನ ತಲೆ ಮೇಲೆ ಬರೋವರೆಗೂ ನಾನೂ ಉಸಿರು ಹಿಡ್ಕೋತಿದ್ದೆ. ನಂಗೆ ಈಜು ಬರಲ್ಲ ಕಣಮ್ಮ. ಯಾರಾದ್ರೂ ಮೇಲೆ ಬರದೇ ಹೋಗಿದ್ರೆ ಏನ್ ಮಾಡ್ತಿದ್ದೆನೋ."

"ನೀವು ಒಂದು ಸಲಾನೂ ಹಾರ್ಲಿಲ್ವಾ?"

"ಕಂಕುಳಲ್ಲಿ ಮಗು ಇಟ್ಕೊಂಡು ಯಾರು ಹಾರ್ತಾರೆ?"

ಸೊಸೆ ಹನಿಯ ಶೀಶೆಗೆ ಮುಚ್ಚಳ ತಿರುಗಿಸುತ್ತಾ ಕೂತಳು. "ಕಣ್ಣು ಒರೆಸ್ಕೋಬೇಡಿ ಅತ್ತೆ, ಹಾಗೇ ಇರ್ಲಿ," ಎಂದಳು. ಆಮೇಲೆ, "ಹಾಗಾದ್ರೆ ನಾನು ಹೇಳೋದೇ ಸರಿ ಅಲ್ವಾ? ಕಾಯೋರು ಇದ್ರು. ಅದಕ್ಕೇ ಅವ್ರೆಲ್ಲ ಉಳಿದ್ರು."

"ಕಾಯ್ತಿದ್ದೆ. ಹಿಡ್ಕೋತಿರ್ಲಿಲ್ಲ. ಹಿಡ್ಕೊಂಡಿದ್ರೆ ಅವ್ರು ಹಾರೋದು ಕಲೀತಿರ್ಲಿಲ್ಲ. ನಾನು ನೋಡ್ತಿದ್ದೀನಿ ಅಂತ ಅವ್ರಿಗೆ ಗೊತ್ತಾಗೋಕೂ ಬಿಡ್ತಿರ್ಲಿಲ್ಲ. ಗೊತ್ತಾದ್ರೆ ಆಟ ಕೆಟ್ಟುಹೋಗುತ್ತಲ್ಲ." ಅಕ್ಕಜ್ಜಿ ನಕ್ಕಳು. "ಅಷ್ಟು ಚೆನ್ನಾಗಿ ಮಾಡಿದ್ದೀನಿ ನೋಡು ಆ ಕೆಲ್ಸ, ನಾನಿದ್ದದ್ದೇ ಅವನಿಗೆ ನೆನಪಿಲ್ಲ. ಅವನು ಸುಳ್ಳು ಹೇಳ್ತಿಲ್ಲ, ಪಾಪ."

ಮನೆ ಮಾತ್ರ ಸರಿಹೋಗಲಿಲ್ಲ. ಸೊಸೆ ಹುಡುಗಿಯನ್ನು ಶಾಲೆ ಮುಗಿದ ಮೇಲೆ ಮಕ್ಕಳನ್ನು ಇಟ್ಟುಕೊಳ್ಳುವ ಒಂದು ಕಡೆ ಸೇರಿಸಿದಳು. ಅಲ್ಲಿ ಗೇಟಿಗೆ ಬೀಗ, ಗೋಡೆಗೆ ಕ್ಯಾಮೆರಾ. ಬುಗುರಿ ಬರುವಾಗ ಸಂಜೆಯಾಗುತ್ತಿತ್ತು. ಬಂದವಳು ಮಾತಿಲ್ಲದೆ ಉಂಡು, ಮಾತಿಲ್ಲದೆ ಮಲಗುತ್ತಿದ್ದಳು. ತಮ್ಮನಿಗೆ ದಿನವಿಡೀ ಮಾಡಲು ಕೆಲಸವಿರಲಿಲ್ಲ. ಎಲ್ಲರಿಗಿಂತ ಮೊದಲು ಒಬ್ಬನೇ ಉಂಡು, ತಟ್ಟೆ ತೊಳೆದಿಟ್ಟು, ಬಾಲ್ಕನಿಯಲ್ಲಿ ಬೆನ್ನು ಹಾಕಿ ಕೂರುತ್ತಿದ್ದ. ಅವನಿಗೂ ಸೊಸೆಗೂ ನಡುವೆ ಮಗನೇ ಅಂಚೆಯವನಾದ.

"ಅಪ್ಪ, ಗ್ಯಾಸ್ ಮುಗೀತಾ ಬಂತಂತೆ."

"ತರಿಸ್ತೀನಿ ಅಂತ ಹೇಳು."

"ರೀ, ನಾವು ಒಂದೇ ಮನೇಲಿ ಇದ್ದೀವಿ ಅಂತ ಅವ್ರಿಗೆ ನೆನಪಿಸಿ," ಎನ್ನುತ್ತಿದ್ದಳು ಸೊಸೆ ಅಡುಗೆಮನೆಯಿಂದ, ಅವನಿಗೆ ಕೇಳಿಸುವ ಹಾಗೆ.

ಒಂದು ಭಾನುವಾರ ತಮ್ಮ, "ನನಗಿಲ್ಲಿ ಏನು ಕೆಲ್ಸ? ಅಕ್ಕನ ಜೊತೆ ಅವಳ ಊರಿಗೇ ಹೋಗಿ ಇರ್ತೀನಿ," ಎಂದುಬಿಟ್ಟ. ಮಗ ಪಲ್ಯ ಕೇಳುವುದನ್ನೂ ಮರೆತ. ಬುಗುರಿ ಬಿಕ್ಕಿ ಅಳತೊಡಗಿದಳು.

"ನನ್ನ ಕೋಣೇಲಿ ಜಾಗ ಇಲ್ಲ," ಎಂದಳು ಅಕ್ಕಜ್ಜಿ. "ಸುಮ್ನೆ ಕೂತ್ಕೊಂಡು ಉಣ್ಣು. ನಾನೊಂದು ಹೇಳ್ತೀನಿ, ಇಬ್ರೂ ಕೇಳಿ. ಹುಡುಗಿ ಮನೆಗೇ ಬರ್ಲಿ. ವಾಚು ಕೈಯಲ್ಲೇ ಇರ್ಲಿ. ಗೆಳತಿ ಮನೆಗೆ ಒಬ್ಬಳೇ ಹೋಗ್ಲಿ. ಇವನು ಹಿಂದೆ ಹೋಗ್ಲಿ."

"ಹಿಂದೆ ಹೋಗೋದಾದ್ರೆ ಒಬ್ಬಳೇ ಹೇಗೆ?" ಎಂದ ತಮ್ಮ.

"ದೂರದಲ್ಲಿ. ಅವಳಿಗೆ ಕಾಣೋ ಹಾಗಿಲ್ಲ. ಕೂಗೋ ಹಾಗಿಲ್ಲ. ಬಿದ್ರೆ ಎತ್ತೋ ಹಾಗೂ ಇಲ್ಲ, ತಾನೇ ಏಳೋಕಾಗ್ದೇ ಹೋದ್ರೆ ಮಾತ್ರ ಎತ್ತು. ನಿನ್ನ ಕಣ್ಣು ಅವಳ ಮೇಲಿಂದ ಕದಲೋ ಹಾಗಿಲ್ಲ. ಗೊರಕೆ ಅಂತೂ ಇಲ್ವೇ ಇಲ್ಲ."

ಬುಗುರಿ ಕಣ್ಣೊರೆಸಿಕೊಂಡು, "ನಂಗೆ ಈಗ ಗೊತ್ತಾಯ್ತಲ್ಲ, ತಾತ ಹಿಂದೆ ಇರ್ತಾರೆ ಅಂತ," ಎಂದಳು.

"ಎರಡು ದಿನಕ್ಕೆ ಮರ್ತುಹೋಗ್ತೀಯ ಬಿಡು," ಎಂದಳು ಅಕ್ಕಜ್ಜಿ. "ಮಕ್ಕಳು ಮರೀತಾರೆ."

ಸೊಸೆ ಗಂಡನ ಮುಖ ನೋಡಿ, ಮಾವನ ಮುಖ ನೋಡಿ, ಕೊನೆಗೆ ನೇರವಾಗಿ ಮಾವನಿಗೇ ಹೇಳಿದಳು. "ಒಂದು ವಾರ ನೋಡೋಣ ಮಾವ."

ಮೊದಲ ದಿನ ತಮ್ಮ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದ. "ಇದೇನು ದೊಡ್ಡ ಕೆಲ್ಸ? ಬಸ್ಸು ಓಡಿಸ್ದೋನು ನಾನು," ಎಂದ.

ವಾಪಸು ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಸೋಫಾದ ಮೇಲೆ ಕುಸಿದು ಕೂತ. ಅಕ್ಕಜ್ಜಿ ನೀರು ತಂದುಕೊಟ್ಟಳು. ಅಷ್ಟು ದಿನಕ್ಕೆ ಅವಳ ಕಣ್ಣಿನ ಮುಚ್ಚಳ ತೆಗೆದಿದ್ದರು. ಅವಳಿಗೆ ಅವನ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು.

"ಅಕ್ಕ, ಗಿರಣಿ ಮೂಲೇಲಿ ಮರಳು ಬಿದ್ದಿತ್ತು, ಸೈಕಲ್ ಜಾರ್ತು. ಧೊಪ್ ಅಂತ ಬಿದ್ಲು. ನನ್ನ ಜೀವ ಬಾಯಿಗೆ ಬಂತು ನೋಡು. ಅರ್ಧ ದಾರಿ ಓಡಿಬಿಟ್ಟಿದ್ದೆ. ಅಷ್ಟರಲ್ಲಿ ಎದ್ಲು. ನಾನು ಅವಿತ್ಕೊಳ್ಳೋಕೆ ಜಾಗ ಇಲ್ದೆ ಹಣ್ಣಿನ ಗಾಡಿ ಹಿಂದೆ ಕೂತೆ. ಅವನು 'ಏನ್ ಬೇಕು ಯಜಮಾನ್ರೇ' ಅಂತಾನೆ. ಸುಮ್ನಿರಯ್ಯ ಅಂದೆ. ಕೈ ಕೊಡವಿಕೊಂಡ್ಲು, ಮೊಣಕೈ ನೋಡ್ಕೊಂಡ್ಲು, ಹತ್ತಿ ಹೊರಟೇಹೋದ್ಲು."

"ಅತ್ಲಾ?"

"ಇಲ್ಲ! ಸುತ್ತ ನೋಡಿದ್ಲು ಅಷ್ಟೆ, ಯಾರಾದ್ರೂ ನೋಡಿದ್ರಾ ಅಂತ." ತಮ್ಮ ನೀರು ಕುಡಿದು ಲೋಟ ಕೈಯಲ್ಲೇ ತಿರುಗಿಸಿದ. "ಅಲ್ಲಿ ಬಾಗಿಲ ಹೊರಗೆ ನಿಂತು ಕಾಯೋದಿದೆಯಲ್ಲ, ಅದು ಇನ್ನೂ ಕಷ್ಟ. ಒಳಗೇನಾಗ್ತಿದೆಯೋ ಗೊತ್ತಿಲ್ಲ, ಕೂಗೋ ಹಾಗಿಲ್ಲ. ಇದು ಬಸ್ಸು ಓಡಿಸಿದ ಹಾಗಲ್ಲ ಅಕ್ಕ. ಬಸ್ಸಿನಲ್ಲಿ ಬ್ರೇಕು ನನ್ನ ಕಾಲ ಕೆಳಗಿರ್ತಿತ್ತು."

ಅವನು ತಲೆ ಎತ್ತಿದ. ಎಲ್ಲೋ ದೂರದ್ದೊಂದು ಅವನಿಗೆ ಈಗ ಕಾಣುತ್ತಿರುವ ಹಾಗಿತ್ತು.

"ಕಾಲುವೆ ಹತ್ರ ಬಟ್ಟೆ ಒಗೆಯೋ ಕಲ್ಲು ಒಂದಿತ್ತಲ್ವಾ?"

"ಇತ್ತು."

"ನೀನು ಯಾವಾಗ್ಲೂ ಅಲ್ಲೇ ಇರ್ತಿದ್ದೆ."

"ಇರ್ತಿದ್ದೆ."

"ನಮ್ಮ ಮನೇಲಿ ಅಷ್ಟೊಂದು ಬಟ್ಟೇನೇ ಇರ್ಲಿಲ್ವಲ್ಲ ಅಕ್ಕ."

"ಇರ್ಲಿಲ್ಲ," ಎಂದಳು ಅಕ್ಕಜ್ಜಿ.

ತಮ್ಮ ಮೊಣಕಾಲು ಸವರಿಕೊಂಡ. ಕೆಳಗೆ ಬುಗುರಿ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದಳು. "ಕಾಂಪೌಂಡರ್ ಹತ್ರ ಕರ್ಕೊಂಡು ಹೋದವಳೂ ನೀನೇನಾ?"

"ಹೊತ್ಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಕೂದಲು ಎಳೀತಿದ್ದೆ."

"ನಿಂಗೆ ಓದು ತಲೆಗೆ ಹತ್ಲಿಲ್ಲ ಅಂತ ನಂಗೆ ಯಾರು ಹೇಳಿದ್ದು?"

"ಅಪ್ಪ ಹೇಳ್ತಿದ್ರು. ಹಾಗಂದ್ರೆ ಎಲ್ರಿಗೂ ಸುಲಭ ಆಗ್ತಿತ್ತು."

"ಹತ್ತಿತ್ತಾ?"

"ಹತ್ತಿತ್ತು ಕಣೋ. ಚೆನ್ನಾಗಿ ಹತ್ತಿತ್ತು."

ಅವಳು ಲೋಟ ಇಸಿದುಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಸೊಸೆ ಈರುಳ್ಳಿ ಹೆಚ್ಚುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. ಮೊರದಲ್ಲಿದ್ದ ಬೇಳೆಯನ್ನು ಅಕ್ಕಜ್ಜಿಯ ಕಡೆ ಸರಿಸಿದಳು. ಅಕ್ಕಜ್ಜಿ ಕೂತು ಆರಿಸತೊಡಗಿದಳು. ಕಲ್ಲು ಬೇರೆ, ಬೇಳೆ ಬೇರೆ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ವಾರ ಎರಡಾಯಿತು, ಮೂರಾಯಿತು. ತಮ್ಮ ಇಸ್ತ್ರಿ ಅಂಗಿ ಬಿಟ್ಟು ಹಳೆಯದು ಹಾಕಿಕೊಳ್ಳತೊಡಗಿದ. ಹಣ್ಣಿನ ಗಾಡಿಯವನ ಜೊತೆ ಸ್ನೇಹ ಬೆಳೆಯಿತು. ಬುಗುರಿ ಅವನನ್ನು ನಿಜವಾಗಿಯೂ ಮರೆತಳು. ಸೊಸೆ ಮೊಬೈಲು ನೋಡುವುದನ್ನು ಪೂರ್ತಿ ಬಿಡಲಿಲ್ಲ, ಕಡಿಮೆ ಮಾಡಿದಳು. ಒಂದೊಂದು ದಿನ ಕೆಲಸದಿಂದ ಬಂದು, "ಇವತ್ತು ಏನೇನಾಯ್ತು ಮಾವ?" ಎಂದು ಪಕ್ಕದಲ್ಲಿ ಕೂರುತ್ತಿದ್ದಳು. ಅವನು ಚಹಾ ಕುಡಿಯುತ್ತಾ ಇಡೀ ದಾರಿಯ ವರದಿ ಒಪ್ಪಿಸುತ್ತಿದ್ದ.

ಡಾಕ್ಟರು ಇನ್ನು ಹನಿ ಬೇಡ ಎಂದ ದಿನ ಅಕ್ಕಜ್ಜಿ ಚೀಲ ತೆಗೆದಳು. ಆಗ ಬಂತು ಹೊಸ ಗಲಾಟೆ.

"ಒಬ್ಬಳೇ ಹೋಗೋದಾ?" ಎಂದ ತಮ್ಮ. "ಕಣ್ಣು ಈಗಷ್ಟೇ ಸರಿಹೋಗಿದೆ. ಬಸ್ಸು ಹತ್ತೋವಾಗ ಕಾಲು ತಪ್ಪಿದ್ರೆ? ನಾನು ಬಂದು ಬಿಟ್ಟುಬರ್ತೀನಿ."

"ಯಾಕೆ ಹೋಗ್ಬೇಕು ಅತ್ತೆ? ಇಲ್ಲೇ ಇರಿ," ಎಂದಳು ಸೊಸೆ. "ಆ ಕೋಣೇಲಿ ಬಿದ್ರೆ ನೋಡೋರು ಯಾರಿದ್ದಾರೆ?"

"ಅವಳ ವಾಚಿನಂಥದ್ದೇ ದೊಡ್ಡೋರಿಗೂ ಸಿಗುತ್ತೆ ಅತ್ತೆ," ಎಂದ ಮಗ. ಅವನು ಇಷ್ಟು ಉದ್ದ ಮಾತಾಡಿದ್ದು ಅಪರೂಪ. "ಒಂದು ತಂದುಕೊಡ್ತೀನಿ. ಎಲ್ಲಿದ್ದೀರಿ ಅಂತ ನಮಗೆ ಗೊತ್ತಾಗ್ತಿರುತ್ತೆ."

ಅಕ್ಕಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮೂರು ಮುಖದಲ್ಲೂ ನಿಜವಾದ ಹೆದರಿಕೆ ಇತ್ತು. ಅವಳಿಗೆ ಆ ಹೆದರಿಕೆಯ ಪರಿಚಯ ಚೆನ್ನಾಗಿಯೇ ಇತ್ತು. ತನಗಾಗಿ ಯಾರಾದರೂ ಹೆದರಿದ್ದನ್ನು ಮಾತ್ರ ಕಂಡಿರಲಿಲ್ಲ. ನಗು ಬಂತು.

"ವಾಚು ಬೇಡಪ್ಪಾ. ಮೊಬೈಲು ಇದೆಯಲ್ಲ, ಫೋನ್ ಮಾಡಿ. ಬಸ್ ಸ್ಟಾಂಡಿನವರೆಗೆ ಬೇಕಾದ್ರೆ ಬನ್ನಿ, ಎಲ್ರೂ."

ಎಲ್ಲರೂ ಬಂದರು. ತಮ್ಮ ಡ್ರೈವರಿನ ಹತ್ತಿರ ಹೋಗಿ, ತಾನೂ ಡ್ರೈವರಾಗಿದ್ದವನೆಂದು ಹೇಳಿ, ಬ್ರೇಕು ಮೆಲ್ಲಗೆ ಹಾಕಪ್ಪಾ ಎಂದು ಬೇಡಿಕೊಂಡ. ಸೊಸೆ ಮೊಟ್ಟೆ ಬ್ರೆಡ್ಡಿನ ಪೊಟ್ಟಣ ಕೊಟ್ಟಳು. ಬುಗುರಿ ಕಿಟಕಿಯ ಕಂಬಿ ಹಿಡಿದು ನೇತಾಡುತ್ತಾ, "ಅಕ್ಕಜ್ಜಿ, ನಿಂಗೆ ಹೆದರಿಕೆ ಆಗಲ್ವಾ?" ಎಂದಳು.

"ಸ್ವಲ್ಪ ಆಗುತ್ತೆ," ಎಂದಳು ಅಕ್ಕಜ್ಜಿ. "ಅಷ್ಟಿದ್ರೇನೇ ರುಚಿ."

ಅರ್ಧ ದಾರಿಯಲ್ಲಿ ಬಸ್ಸು ಒಂದು ಊರಲ್ಲಿ ಚಹಾಕ್ಕೆ ನಿಂತಿತು. ಆ ಊರನ್ನು ಅಕ್ಕಜ್ಜಿ ಕಿಟಕಿಯಿಂದ ಎಷ್ಟೋ ಸಲ ದಾಟಿದ್ದಳು, ಒಮ್ಮೆಯೂ ಇಳಿದಿರಲಿಲ್ಲ. ಕಾಲು ಚಾಚೋಣವೆಂದು ಇಳಿದಳು. ಅಂಗಡಿಗಳ ಸಾಲಿನ ಪಕ್ಕದಲ್ಲೊಂದು ಓಣಿ ಕೆಳಗಿಳಿದು ಹೋಗಿತ್ತು. ಅದರುದ್ದಕ್ಕೂ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಬಿದಿರಿನ ಗಳಗಳ ಮೇಲೆ ಒಣಗಲು ಹಾಕಿದ್ದರು. ನೀಲಿ ಎಂದರೆ ಇಷ್ಟು ನೀಲಿ ಎಂಬುದನ್ನು ಅವಳು ಮರೆತೇಹೋಗಿದ್ದಳು. ಪೊರೆ ಬಂದ ಮೇಲೆ ಎಲ್ಲ ಬಣ್ಣವೂ ಹಳೆಯ ಚಹಾದ ಕಲೆಯಂತಾಗಿತ್ತು. ಈಗ ಕೆಂಪು ಕೆಂಪಾಗಿಯೇ ಇತ್ತು, ಹಸಿರು ಮೈಮೇಲೆ ಬರುವಷ್ಟು ಹಸಿರಾಗಿತ್ತು.

ಹಿಂದೆ ಬಸ್ಸು ಹಾರ್ನು ಹೊಡೆಯಿತು. "ಅಜ್ಜೀ, ಹತ್ತಿ, ಹೊರಡ್ತಿದೀವಿ!" ಎಂದು ಕಂಡಕ್ಟರ್ ಕೂಗಿದ.

ಅವಳು ವಾಪಸು ಹೋಗಿ ಸೀಟಿನ ಮೇಲಿದ್ದ ಚೀಲ ಎತ್ತಿಕೊಂಡಳು. "ಇದಾದ ಮೇಲೆ ಬಸ್ಸಿದೆಯೇನಪ್ಪಾ?"

"ಸಂಜೆವರೆಗೂ ಇವೆ. ಯಾಕೆ, ಇಲ್ಲಿ ನಿಮ್ಮೋರಿದ್ದಾರಾ?"

"ಯಾರೂ ಇಲ್ಲ," ಎಂದಳು ಅಕ್ಕಜ್ಜಿ. "ನೀವು ಹೋಗಿ."

ಬಸ್ಸು ಧೂಳೆಬ್ಬಿಸಿ ಹೋಯಿತು. ಅವಳು ಓಣಿಯಲ್ಲಿ ಇಳಿದಳು. ನೂಲು ಕೊಡವುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ ನೋಡಿ, ಮತ್ತೆ ಕೆಲಸಕ್ಕೆ ತಿರುಗಿದಳು. ಓಣಿಯ ಕೊನೆಯಲ್ಲಿ ಏನಿದೆಯೋ ಅವಳಿಗೆ ಗೊತ್ತಿರಲಿಲ್ಲ. ಅವಳು ಎತ್ತಿಕೊಳ್ಳಬೇಕಾದ ಮಗು ಇರಲಿಲ್ಲ, ಎಣಿಸಬೇಕಾದ ತಲೆಗಳಿರಲಿಲ್ಲ.

ಚೀಲದಲ್ಲಿ ಮೊಬೈಲು ಕೂಗಿತು. ತಮ್ಮ.

"ಅಕ್ಕ, ಎಲ್ಲಿದ್ದೀಯ? ಊರು ಮುಟ್ಟಿದ್ಯಾ? ಬಸ್ಸಿನ ಸದ್ದೇ ಕೇಳ್ತಿಲ್ವಲ್ಲ!"

ಅವನ ದನಿಯಲ್ಲಿ ಉಸಿರು ಸಿಕ್ಕಿಕೊಂಡಿತ್ತು. ಅಕ್ಕಜ್ಜಿಗೆ ಕನಿಕರವಾಯಿತು. ಕಾಯುವವರಿಗೆ ಏನು ಬೇಕೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಚೆನ್ನಾಗಿದ್ದೀನಿ ಕಣೋ. ಬ್ರೆಡ್ಡು ತಿಂದೆ. ಕಣ್ಣು ಚೆನ್ನಾಗಿ ಕಾಣ್ತಿದೆ. ಕತ್ತಲಾಗೋ ಮುಂಚೆ ಮನೆ ಸೇರ್ತೀನಿ."

"ಸರಿ, ಈಗ ಎಲ್ಲಿದ್ದೀಯ ಅದನ್ನ ಹೇಳು."

ಅಕ್ಕಜ್ಜಿ ನೀಲಿ ಲಡಿಯೊಂದನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಇನ್ನೂ ತೇವವಿತ್ತು, ಬೆರಳಿಗೆ ಬಣ್ಣ ಹತ್ತಿತು.

"ಅದನ್ನ ಮಾತ್ರ ಹೇಳಲ್ಲ," ಎಂದಳು.